ಉಪ್ಪುನೀರಿನ ಮೀನಿಗೆ ಯಾವ ಬಾಟಲಿ

ನಮ್ಮ ಯಜಮಾನರಿಗೆ ಲಕ್ವ ಹೊಡೆದಾಗ ಹಿರಿಯೂರಿನ ನಮ್ಮ ಮನೆಯೊಳಗೊಂದು ಸಣ್ಣ ಸಮುದ್ರ ಇತ್ತು. ಅವರದು ಹೆದ್ದಾರಿ ಪಕ್ಕ ಲಾರಿ ಬ್ಯಾಟರಿಯ ಅಂಗಡಿ. ಮಂಗಳೂರಲ್ಲಿ ಎಲ್ಲೋ ಸಮುದ್ರದ ಮೀನಿನ ತೊಟ್ಟಿ ನೋಡಿ ಹುಚ್ಚು ಹಿಡಿಸಿಕೊಂಡು ಬಂದು, ಬೆಂಗಳೂರಿಂದ ಗಾಜಿನ ತೊಟ್ಟಿ, ಒಂದು ಕಿತ್ತಳೆ ಬಣ್ಣದ ಮೀನು, ಹೂವಿನ ಹಾಗೆ ಅರಳುವ ಒಂದು ಜೀವಂತ ಹವಳ ತರಿಸಿದ್ದರು. ನಮ್ಮ ಬೋರಿನ ಗಡಸು ನೀರು ಅದಕ್ಕಾಗದು. ಬ್ಯಾಟರಿಗೆ ಹಾಕುವ ಶುದ್ಧ ನೀರಿಗೆ ಪೊಟ್ಟಣದ ಸಮುದ್ರದುಪ್ಪು ಕಲಸಿ, ಭಾನುವಾರ ಭಾನುವಾರ ಒಂದು ಬಕೆಟ್ ನೀರು ಬದಲಾಯಿಸುವರು. ನನ್ನ ಪೂಜೆ ಮುಗಿಯುವಷ್ಟರಲ್ಲಿ ಅವರದೂ ಮುಗಿದಿರುತ್ತಿತ್ತು.

ಚಿತ್ರದುರ್ಗದ ಆಸ್ಪತ್ರೆಯಿಂದ ಮನೆಗೆ ಕರಕೊಂಡು ಬಂದಾಗ ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ತಿಳಿವಳಿಕೆ ಎಷ್ಟು ಉಳಿದಿದೆಯೋ ಹೇಳೋಕಾಗಲ್ಲಮ್ಮ ಅಂದಿದ್ದರು ಡಾಕ್ಟರು. ಗಂಜಿ ನುಂಗುತ್ತಾರಲ್ಲ, ಅಷ್ಟಾದರೂ ಶಿವ ಉಳಿಸಿದ ಅಂದುಕೊಂಡೆ. ತೊಟ್ಟಿ ಕಾಣುವಂತೆ ಮಂಚ ಹಾಕಿಸಿದೆ. ದಿನವಿಡೀ ಕಣ್ಣು ಅತ್ತಲೇ. ಅವರು ನೋಡುತ್ತಿದ್ದರೋ, ಕಣ್ಣು ಸುಮ್ಮನೆ ಅಲ್ಲಿತ್ತೋ, ನನಗೆ ಗೊತ್ತಾಗುತ್ತಿರಲಿಲ್ಲ.

ಆಸ್ಪತ್ರೆಯ ಓಡಾಟದಲ್ಲಿ ಬದಲಾಯಿಸುವವರಿಲ್ಲದೆ ತೊಟ್ಟಿಯ ನೀರು ಹಳದಿಗೆ ತಿರುಗಿತ್ತು. ಹವಳ ಮುದುಡಿತ್ತು. ಮೀನು ಮೇಲೆ ಬಂದು ಬಾಯಿ ಬಿಡುತ್ತಿತ್ತು. ತೊಟ್ಟಿ ಕೆಳಗಿನ ಪೆಟ್ಟಿಗೆಯಲ್ಲಿ ಬಾಟಲಿಗಳ ಸಾಲು, ಎಲ್ಲದರ ಮೇಲೂ ಇಂಗ್ಲಿಷು. ತಾಳ್ಯದಿಂದ ಬಂದಿದ್ದ ಮೈದುನ ಅಕ್ಷರ ಕೂಡಿಸಿ ಓದಿದ.

"ಇದು ಕ್ಯಾಲ್ಸಿಯಂ ಅಂತೆ ಅತ್ತಿಗೆ. ಇದು ಅಯೋಡಿನ್ನು. ಇದೇನೋ, ನಾಲಿಗೇನೇ ತಿರುಗಲ್ಲ."

"ಯಾವುದು ಎಷ್ಟು ಹಾಕ್ಬೇಕಪ್ಪ?"

"ಎಲ್ಲಾ ಒಂದೊಂದು ಮುಚ್ಚಳ ಹಾಕ್ರಿ. ಟಾನಿಕ್ ಇದ್ದಂಗೆ ಐತೆ."

ನನಗೆ ಕೈ ಬರಲಿಲ್ಲ. ಒಂದು ಬಾಟಲಿ ಹಿಡಿದು ಮಂಚದ ಹತ್ತಿರ ಹೋದೆ. "ಇದನ್ನ ಹಾಕ್ಲೇನ್ರಿ?" ಮುಖ ಗೋಡೆ ಕಡೆ ತಿರುಗಿಸಿಬಿಟ್ಟರು. ಕೆನ್ನೆ ಹಿಡಿದು ಈಚೆ ತಿರುಗಿಸಿ ಇನ್ನೊಂದು ತೋರಿಸಿದೆ. ಮತ್ತೆ ಗೋಡೆ. ಎಲ್ಲಕ್ಕೂ ಗೋಡೆಯೇ.

"ಬಿಡ್ರಿ ಅತ್ತಿಗೆ. ಗಂಜಿ ಕುಡಿಸುವಾಗ್ಲೂ ಅಣ್ಣ ಹಂಗೇ ತಿರುಗ್ತಾನೆ. ಕಲ್ಲನ್ನ ಕೇಳಿದಂಗಾತು."

"ನಾನು ದಿನಾ ಪೂಜೇಲಿ ಕೇಳೋದೇ ಕಲ್ಲನ್ನ. ನೀನು ಸುಮ್ನಿರಪ್ಪ."

ಪೆಟ್ಟಿಗೆಯ ತಳದಲ್ಲಿ ಇದ್ದಿಲಿನ ಕಾಳು ತುಂಬಿದ ಸಣ್ಣ ಬಟ್ಟೆಚೀಲ ಒಂದಿತ್ತು. ಅದನ್ನೂ ತೋರಿಸಿದೆ. ಮುಖ ತಿರುಗಲಿಲ್ಲ. ಚೀಲ ನೋಡಿದರು, ತೊಟ್ಟಿ ನೋಡಿದರು, ಮತ್ತೆ ಚೀಲ ನೋಡಿದರು. ಆದರೂ ನನಗೆ ನಂಬಿಕೆ ಬರಲಿಲ್ಲ. ತೊಟ್ಟಿಯ ಗಾಜಿಗೆ ಅಂಟಿಸಿದ್ದ ನಂಬರಿಗೆ, ಬೆಂಗಳೂರಿನ ಮೀನಿನಂಗಡಿಗೆ ಫೋನು ಮಾಡಿದೆ.

"ಸಣ್ಣ ತೊಟ್ಟಿ, ಒಂದೇ ಹವಳ ತಾನೇ? ಬಾಟಲಿ ಯಾವುದೂ ಬೇಡಮ್ಮ. ಮೊದಮೊದಲು ಗೊತ್ತಿಲ್ಲದೆ ಕೊಂಡಿದ್ರು, ಆಮೇಲೆ ಅವರೇ ಬಿಟ್ರು. ಉಪ್ಪುನೀರು ಬದಲಾಯಿಸಿದ್ರೆ ಬೇಕಾದ್ದೆಲ್ಲ ಅದರಲ್ಲೇ ಸಿಗುತ್ತೆ. ಹಳದಿ ಹೋಗೋಕೆ ಹೊಸ ಇದ್ದಿಲು ಹಾಕಿ, ಅಷ್ಟೇ."

ಫೋನಿಟ್ಟು ಅಲ್ಲೇ ನೆಲದ ಮೇಲೆ ಕುಂತೆ. ಅಂಗಡಿಯವನು ಹೇಳಿದ್ದನ್ನೇ ಇವರು ಆಗಲೇ ಹೇಳಿ ಮುಗಿಸಿದ್ದರು. ಮೈದುನ ಬಾಟಲಿಗಳನ್ನು ಒಂದೊಂದಾಗಿ ಒಳಗಿಟ್ಟ.

ಇದ್ದಿಲು ಹಾಕಿದೆವು, ನೀರು ಬದಲಾಯಿಸಿದೆವು. ಹವಳ ಉಳಿಯಲಿಲ್ಲ. ಮೀನು ಉಳಿಯಿತು, ಅದೊಂದು ದಯೆ.

ಇದ್ದಿಲು ಹಾಕಿದ ದಿನವೇ ಸಂಜೆ, ಅವರು ಮನೆಗೆ ಬಂದ ಮೇಲೆ ಮೊದಲ ಸಲ ಕೇಳಿದೆ, "ಗಂಜಿ ತರ್ಲೇನ್ರಿ?"

ಗೋಡೆ.

"ಮುದ್ದೆ ಸಾರಲ್ಲಿ ಮೆತ್ತಗೆ ಕಿವುಚಿ ತರ್ಲಾ?"

ತಿರುಗಲಿಲ್ಲ. ನನ್ನನ್ನೇ ನೋಡಿದರು. ಅಷ್ಟು ದಿನ ಕೆನ್ನೆ ಹಿಡಿದು ಈಚೆ ತಿರುಗಿಸಿ ಗಂಜಿ ಹುಯ್ಯುತ್ತಿದ್ದವಳು ನಾನು. ಮುದ್ದೆ ಗಂಟಲಲ್ಲಿ ಇಳಿದೀತೋ ಇಲ್ಲವೋ, ಯಾರನ್ನು ಕೇಳಲಿ? ಶಿವಾ ಅಂತ ಮುದ್ದೆಗೆ ಎಸರಿಟ್ಟೆ.