ಎರಡೂವರೆ ಮಾರು

ಬೆಳಗಿನ ಮಂಜು ಇನ್ನೂ ಹರಿದಿಲ್ಲ. 'ಮಾರಿಯಾ ಲೂಯಿಸ್' ಎಂಬ ಎರಡು ಕಂಬದ ಸ್ಕೂನರ್ ಹಾಯಿಹಡಗು ಕೆರೊಲಿನಾದ ದಡಕ್ಕೆ ಆತುಕೊಂಡಂತೆ ಸರಿಯುತ್ತಿದೆ. ಹಡಗಿನಂಚಿನಲ್ಲಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನಿಂತ ರೆಂಟಿ, ಸೀಸದ ಗುಂಡನ್ನು ಬೀಸಿ ನೀರಿಗೆ ಬಿಡುತ್ತಾನೆ. ಗುಂಡಿನ ಹಗ್ಗಕ್ಕೆ ಕಟ್ಟಿದ ತೊಗಲು, ಬಟ್ಟೆಗಳ ಗುರುತನ್ನು ಬೆರಳಲ್ಲೇ ಓದಿ, ಆಳ ಎಷ್ಟು ಮಾರೆಂದು ತಿಳಿಯುತ್ತಾನೆ. ತಿಳಿದದ್ದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ದಡದಲ್ಲಿ ಶತ್ರುವಿನ ಫಿರಂಗಿಗಳಿವೆ. ಚುಕ್ಕಾಣಿ ಹಿಡಿದ ಕ್ರೋವೆಲ್‌ನ ಮಣಿಕಟ್ಟಿಗೊಂದು ದಾರ, ಅದರ ಇನ್ನೊಂದು ತುದಿ ರೆಂಟಿಯ ಕೈಯಲ್ಲಿ. ಮಾರಿಗೊಂದು ಎಳೆತ, ಅರ್ಧಕ್ಕೆ ಸಣ್ಣ ಮಿಡಿತ.

ಹೋದ ವರ್ಷದವರೆಗೆ ಈ ಹಡಗು ಆ ಶತ್ರುವಿನದೇ, ಜೀತ ಬಿಡಲೊಲ್ಲದೆ ಯುದ್ಧಕ್ಕಿಳಿದ ದಕ್ಷಿಣದವರದು. ಕಾವಲು ತಪ್ಪಿಸಿ ಇಲ್ಲಿನ ಅಳಿವೆಯೊಳಕ್ಕೆ ಉಪ್ಪು ಸಾಗಿಸುತ್ತಿತ್ತು. ಉತ್ತರದವರ ನೌಕಾಪಡೆ ಅದನ್ನು ಹಿಡಿದು, ಒಂದು ಫಿರಂಗಿ ಕೂರಿಸಿ, ಅದೇ ಅಳಿವೆಯ ಕಾವಲಿಗೆ ಹಾಕಿತು.

"ಅವ್ರಿಗೆ ಹಡಗು ಬೇಕಿತ್ತು. ಅಳಿವೆ ಬಾಯಲ್ಲಿ ನೀರೊಳಗಿರೋ ಮರಳುದಿಬ್ಬದ ದಾರಿ ಗೊತ್ತಿರೋನು ನಾನೊಬ್ನೇ. ಹಡಗಿನ ಜೊತೆ ನಾನೂ ಬಂದೆ" ಎನ್ನುತ್ತಾನೆ ರೆಂಟಿ.

ಆ ದಿನವೇ ಅವನ ಜೀತ ಮುಗಿಯಿತು. ದಡದಾಚೆ ಭತ್ತದ ಗದ್ದೆಯಲ್ಲಿರುವ ಹೆಂಡತಿ ಬಿನಾಳದ್ದು ಮುಗಿದಿಲ್ಲ. ಗಂಡ ಬದುಕಿದ್ದಾನೋ ಇಲ್ಲವೋ ಎಂದು ಅವಳಿಗೆ ಹೇಳುವವರೂ ಇಲ್ಲ.

"ಮುಂಚೆ ಆಳಾನ ಹಾಡಿ ಕೂಗ್ತಿದ್ದೆ. ದಿಬ್ಬದ ಮೇಲೆ 'ಎರಡೂವರೆ ಮಾರೂ' ಅಂದ್ರೆ ಅವಳಿಗೆ ಕೇಳ್ಸೋದು. ಅನ್ನಕ್ಕಿಟ್ಟು, ಕಬ್ಬಿಣದ ಗಡಿಗೆಗೆ ಮೂರು ಸಲ ಬಡಿಯೋಳು. ಬಾ ಅಂತ."

ದಿನಕ್ಕೆ ಇನ್ನೂರು, ಇನ್ನೂರೈವತ್ತು ಸಲ ಗುಂಡು ಬೀಸಬೇಕು. ಸೀಳಿದ ಅಂಗೈಗೆ ಉಪ್ಪುನೀರು ಕಚ್ಚುತ್ತದೆ. ಇಪ್ಪತ್ತೆರಡು ಜನರಲ್ಲಿ ಅವನ ಊರ ಕಡೆಯ ನುಡಿ ಆಡುವವರು ಒಬ್ಬರೂ ಇಲ್ಲ. ಒಣ ಬಿಸ್ಕತ್ತು ನೆನೆಸಿಕೊಂಡು ಒಬ್ಬನೇ ಕೂತು ತಿನ್ನುತ್ತಾನೆ.

ಹೋದ ಮಂಗಳವಾರ ದಿಬ್ಬದ ಮೇಲೆ ಮೈಮರೆತು ಕೂಗಿಯೇಬಿಟ್ಟ, ಹಳೆಯ ರಾಗದಲ್ಲೇ. ದಡದಿಂದ ಫಿರಂಗಿಯ ಗುಂಡು ಹಾರಿಬಂತು, ಚುಕ್ಕಾಣಿಯ ಪಕ್ಕದ ಹಲಗೆ ಸೀಳಿತು. ಕಪ್ತಾನ ಮೂರು ದಿನ ಅವನ ಕಾಲಿಗೆ ಬೇಡಿ ಹಾಕಿಸಿದ. ಆದರೆ ಫಿರಂಗಿಯ ಸದ್ದು ಅಡಗಿದ ಮೇಲೆ, ಮಂಜಿನೊಳಗಿಂದ ಇನ್ನೊಂದು ಸದ್ದು ಬಂದಿತ್ತು. ಟಣ್, ಟಣ್, ಟಣ್.

"ನಿನ್ನ ಹಾಡಿಗೆ ನನ್ನ ಟೋಪಿ ಸಮುದ್ರಪಾಲಾಯ್ತಲ್ಲೋ ಮಾರಾಯ" ಎಂದು ಕ್ರೋವೆಲ್ ಛೇಡಿಸುತ್ತಾನೆ. "ಗಡಿಗೆಯಂತೆ ಗಡಿಗೆ. ಯಾರದೋ ಹಸುವಿನ ಗಂಟೆ ಅದು."

"ಹಸು ಲೆಕ್ಕ ಹಾಕಿ ಮೂರೇ ಸಲ ಕತ್ತು ಆಡ್ಸುತ್ತೇನಣ್ಣ?"

ಕ್ರೋವೆಲ್ ದಾರವನ್ನು ಮಣಿಕಟ್ಟಿಗೆ ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತಾನೆ.

ರೆಂಟಿ ಗುಂಡನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾನೆ. "ಯುದ್ಧ ಮುಗಿದ್ಮೇಲೆ ಇದೇ ಹಡಗಲ್ಲಿ ಒಂದ್ಸಲ ಅಳಿವೆ ಒಳಗೆ ಹೋಗ್ಬೇಕು, ಗಂಟಲು ಬಿಟ್ಟು ಕೂಗ್ತಾ. ಅಲ್ಲೀವರೆಗೆ ಬಾಯಿ ಮುಚ್ಕೊಂಡೇ ಇರ್ತೀನಿ. ಅವಳಿಗೆ ಹೇಳ್ಬೇಕಾಗಿದ್ದು ಹೇಳಿ ಆಯ್ತಲ್ಲ."