ಮೂಲೆ ಉಜ್ಜಿದ ಗಾಜು

ನನ್ನ ಭಾವನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಅವರು ಸತ್ತು ನಾಲ್ಕು ವರ್ಷವಾಯಿತು, ಆದರೂ ಇಳಿದಿಲ್ಲ. ಹನ್ನೊಂದು ಸಲ ನನ್ನ ಅಂಗಡಿಗೆ ಬಂದು ಹನ್ನೊಂದು ತುಂಡು ಗಾಜು ಕತ್ತರಿಸಿಕೊಂಡು ಹೋದವರು, ಯಾಕೆ ಅಂತ ಒಂದು ಸಲವಾದರೂ ನಿಜ ಹೇಳಬೇಡವೇ? ನಾನೇನು ದಾರಿಹೋಕನೇ? ಅವರ ಹೆಂಡತಿಯ ಒಡಹುಟ್ಟಿದ ತಮ್ಮ.

ನನ್ನದು ಗಾಜು ಮತ್ತು ಫೋಟೋ ಫ್ರೇಮಿನ ಅಂಗಡಿ. ಐದನೆಯ ಕ್ಲಾಸಿಗೇ ಶಾಲೆ ಬಿಟ್ಟು ಅಪ್ಪನ ಪಕ್ಕದಲ್ಲಿ ಕೂತವನು ನಾನು. ಭಾವ ಬೋರ್ಡ್ ಬರೆಯುತ್ತಿದ್ದರು. ಒಂದು ಕಾಲಕ್ಕೆ ನಮ್ಮ ಬೀದಿಯ ಅರ್ಧ ಅಂಗಡಿಗಳ ಹೆಸರು ಅವರ ಕೈಯದೇ. ಯಾರ ಬರಹವನ್ನಾದರೂ ಒಮ್ಮೆ ನೋಡಿದರೆ ಸಾಕು, ಅದೇ ಓರೆ, ಅದೇ ಬಾಲ ಬರೆದು ತೋರಿಸುತ್ತಿದ್ದರು. ಡಾಕ್ಟರ ಚೀಟಿಯನ್ನು ನಕಲು ಮಾಡಿ ಅಕ್ಕನನ್ನು ನಗಿಸುತ್ತಿದ್ದರು. ಫ್ಲೆಕ್ಸ್ ಬಂತು, ಬ್ರಷ್‌ಗಳು ಡಬ್ಬಿಯಲ್ಲೇ ಒಣಗಿದವು.

ಅಕ್ಕನಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿದ್ದವು. ಆದರೆ ಆ ಮನೆಯೊಳಗೆ ಅವಳನ್ನು ಕುರುಡಿ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಕೆಳಗೊಂದು ಕೋಣೆ, ಮೇಲೊಂದು ಕೋಣೆ, ನಡುವೆ ಹದಿಮೂರು ಮೆಟ್ಟಿಲು. ಕುದಿಯುವ ಚಹಾ ಹಿಡಿದು ಒಂದು ಹನಿ ಚೆಲ್ಲದೆ ಹತ್ತುತ್ತಿದ್ದಳು. ಕರೆಂಟು ಹೋಗಿ ನಾವೆಲ್ಲ ಗೋಡೆ ತಡವುತ್ತಿದ್ದರೆ, "ಈಗ ಬನ್ರೀ ದಾರಿಗೆ" ಎಂದು ನಗುತ್ತಿದ್ದಳು.

ಆಮೇಲೆ ಬೀದಿಯ ನಡುವೆ ಮೆಟ್ರೋ ಕೆಲಸ ಶುರುವಾಯಿತು. ಮೊದಲು ತಗಡಿನ ಬೇಲಿ, ಹಿಂದೆಯೇ ನೆಲ ಕೊರೆಯುವ ಯಂತ್ರ. ಆ ಬದಿಯ ಮನೆಗಳಿಗೆ ದುಡ್ಡು ಕೊಟ್ಟು ಕೆಡವಿದರು. ಈ ಬದಿಯವರಿಗೆ ದುಡ್ಡೂ ಇಲ್ಲ, ನಿದ್ದೆಯೂ ಇಲ್ಲ. ಅಕ್ಕನ ಬಾಗಿಲಿನಿಂದ ಹನ್ನೆರಡೇ ಹೆಜ್ಜೆಗೆ ಎಂಬತ್ತಮೂರನೆಯ ಕಂಬದ ಗುಂಡಿ. ಎರಡನೆಯ ವಾರಕ್ಕೆ ಮೇಲಿನ ಕೋಣೆಯ ಗೋಡೆ ಬಿರುಕು ಬಿಟ್ಟಿತು.

ಮೆಟ್ರೋದವರ ಅಳತೆ ಕಚೇರಿಯಿಂದ ಒಬ್ಬ ಬಂದ. ಬಿರುಕಿಗೆ ಅಡ್ಡಲಾಗಿ ಒಂದು ತೆಳ್ಳನೆಯ ಗಾಜಿನ ಪಟ್ಟಿ ಅಂಟಿಸಿ, ಅದರ ಮೇಲೆ ತಾರೀಖು ಬರೆದು ಸಹಿ ಹಾಕಿದ. ಗೋಡೆ ಕದಲಿದರೆ ಗಾಜು ಒಡೆಯುತ್ತದೆ. ಒಡೆದರೆ ಮನೆಗೆ ಬೀಗ. ಮನೆಯವರನ್ನು ಊರಾಚೆ ಒಂದು ಕಟ್ಟಡದ ನಾಲ್ಕನೆಯ ಮಹಡಿಗೆ ಸಾಗಿಸುತ್ತಾರೆ. ಎಷ್ಟು ದಿನಕ್ಕೆ ಅಂತ ಕೇಳಿದರೆ ಯಾರೂ ಹೇಳುವುದಿಲ್ಲ. ಅಕ್ಕ ಅಲ್ಲಿ ಹೋಗಿ ಮೆಟ್ಟಿಲು ಎಣಿಸಲು ಮತ್ತೆ ಮೊದಲಿನಿಂದ ಕಲಿಯಬೇಕಿತ್ತು, ಐವತ್ತೆಂಟನೆಯ ವಯಸ್ಸಿನಲ್ಲಿ.

ಅಳತೆಯವನು ಮೂವತ್ತೈದರ ಆಸುಪಾಸಿನ ಕನ್ನಡಕದ ಮನುಷ್ಯ. ಪ್ರತಿ ಸೋಮವಾರ ಬರುತ್ತಿದ್ದ, ಕೆಸರಿನ ಬೂಟನ್ನು ಬಾಗಿಲಲ್ಲೇ ಬಿಡುತ್ತಿದ್ದ. ಅಕ್ಕ ಅವನಿಗೆ ಬಿರುಕಪ್ಪ ಎಂದು ಹೆಸರಿಟ್ಟಿದ್ದಳು.

"ಬಾರಪ್ಪಾ ಬಿರುಕಪ್ಪ, ನಮ್ಮನೆ ನಾಡಿ ಹಿಡಿದು ನೋಡು."

"ಗಾಜು ಗಟ್ಟಿಯಾಗಿದೆ ಅಮ್ಮಾ. ನಿಮ್ಮನೆ ನಮ್ಮನ್ನೆಲ್ಲ ಕಳಿಸಿಕೊಟ್ಟೇ ಹೋಗೋದು."

ಭಾವ ನನ್ನ ಅಂಗಡಿಗೆ ಬರಲು ಶುರು ಮಾಡಿದ್ದು ಆಗಲೇ.

"ಏನಯ್ಯಾ ಭಾಮೈದ, ಒಂದು ತುಂಡು ಗಾಜು. ಎರಡು ಬೆರಳು ಅಗಲ, ಗೇಣುದ್ದ. ತೆಳ್ಳಗಿರ್ಲಿ."

"ಮೊನ್ನೆ ತಾನೇ ಒಯ್ದಿರಲ್ಲ ಭಾವ? ಗಾಜು ತಿಂತೀರಾ ಹೇಗೆ?"

"ಹೋಟೆಲಿನವನು ಮೇಜಿಗೆಲ್ಲ ನಂಬರು ಬರೆಸ್ತಿದ್ದಾನೆ ಕಣಯ್ಯಾ. ಶೋಕಿ ಅವನಿಗೆ."

"ಹಾಗಾದ್ರೆ ಒಂದು ಡಜನ್ ಒಟ್ಟಿಗೇ ಕತ್ತರಿಸಿಕೊಡ್ತೀನಿ, ತಗೊಂಡ್ಹೋಗಿ."

"ಬೇಡ ಬೇಡ. ಬೇಕಾದಾಗ ಬರ್ತೀನಿ. ಬೇಕಾಗದೇ ಇದ್ರೆ ಇನ್ನೂ ಒಳ್ಳೇದು."

ಆ ಕೊನೆಯ ಮಾತು ನನ್ನ ತಲೆಗೆ ಹೋಗಲಿಲ್ಲ. ಭಾವನಿಗೆ ಮತ್ತೆ ಕೆಲಸ ಸಿಕ್ಕಿತು ಎಂಬ ಖುಷಿಯಲ್ಲಿದ್ದೆ. ಗಿರಾಕಿಯ ಬೆರಳು ಕೊಯ್ಯಬಾರದೆಂದು ನಾನು ಎಂಥ ಚಿಕ್ಕ ಗಾಜಿಗೂ ನಾಲ್ಕು ಮೂಲೆ ಕಲ್ಲಿಗೆ ಉಜ್ಜಿಯೇ ಕೊಡುವುದು. ಅಪ್ಪ ಹೊಡೆದು ಕಲಿಸಿದ ಅಭ್ಯಾಸ. ಅವರ ಗಾಜಿಗೂ ಉಜ್ಜಿಕೊಟ್ಟೆ.

ಒಂದು ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಗೋಡೆ ಒಳಕ್ಕೆ ಬಿತ್ತು. ಅಕ್ಕ ಕೆಳಗೆ ಬಟ್ಟೆ ಮಡಚುತ್ತಿದ್ದಳು, ಭಾವ ಮೇಲಿದ್ದರು. ಆಮೇಲೆ ಅಕ್ಕ ಇಷ್ಟೇ ಹೇಳಿದಳು: "ಗೋಡೆ ಕಟಕಟ ಅಂತು ಕಣೋ. ಇಳಿದು ಬನ್ರೀ ಅಂತ ಕೂಗಿದೆ. ಬಂದೆ ಇರೇ, ಅಂಟು ಒಣಗಲಿ ಅಂದ್ರು." ಯಾವ ಅಂಟು ಎಂದು ಕೇಳುವಷ್ಟು ಬುದ್ಧಿ ಆಗ ನನ್ನಲ್ಲಿರಲಿಲ್ಲ.

ನಾನು ಓಡಿ ಹೋಗುವ ಹೊತ್ತಿಗೆ ಇಟ್ಟಿಗೆಯ ಅಡಿಯಿಂದ ಅವರನ್ನು ಹೊರಗೆಳೆದು ಮಲಗಿಸಿದ್ದರು. ಮುಖದ ಮೇಲೆ ಯಾರದೋ ಟವೆಲ್. ಅಳತೆಯವನು ಪಕ್ಕದಲ್ಲೇ ನಿಂತಿದ್ದ. ಅವನ ಕೊರಳಪಟ್ಟಿ ಹಿಡಿದೆ.

"ವಾರವಾರ ಬಂದು ಏನ್ ನೋಡ್ತಿದ್ದೆಯೋ? ಅಕ್ಕನ ಚಹಾ ಕುಡಿಯೋಕೆ ಬರ್ತಿದ್ದೆಯಾ?"

"ಅಣ್ಣಾ, ಗಾಜು ಒಡೆದಿರಲಿಲ್ಲ. ಒಂದ್ಸಲಾನೂ ಒಡೆದಿರಲಿಲ್ಲ. ಸೋಮವಾರ ನಾನೇ..."

ಮಾತು ಮುಗಿಸಲು ಬಿಡಲಿಲ್ಲ. ಇಡೀ ಬೀದಿಯ ಎದುರು ಅವನ ಕೆನ್ನೆಗೆ ಬಾರಿಸಿದೆ. ಕನ್ನಡಕ ಕೆಸರಿಗೆ ಬಿತ್ತು. ಅವನು ಬಗ್ಗಿದ. ಕನ್ನಡಕ ಎತ್ತಿ, ಅಂಗಿಯಲ್ಲಿ ಒರೆಸಿಕೊಂಡು, ಮತ್ತೆ ಬಿದ್ದ ಗೋಡೆಯನ್ನೇ ನೋಡಿದ. ಅವತ್ತು ಸಂಜೆಯೊಳಗೆ ಅವನನ್ನು ಕೆಲಸದಿಂದ ತೆಗೆದರು. ನನಗೆ ಹೊಟ್ಟೆ ತಣ್ಣಗಾಯಿತು.

ಒಂಬತ್ತು ದಿನದ ಮೇಲೆ ಸಾಮಾನು ತೆಗೆದುಕೊಳ್ಳಲು ಒಳಗೆ ಬಿಟ್ಟರು. ಬ್ರಷ್ ಡಬ್ಬಿ ಎತ್ತಿದರೆ ಭಾರ. ಅಡಿಯಲ್ಲಿ ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟ ಗಾಜುಗಳು, ಎಲ್ಲವೂ ನಡುವೆ ಒಡೆದಿದ್ದವು. ಒಂದರ ಮೂಲೆ ಚೂಪಾಗಿತ್ತು. ಅದು ಕಚೇರಿಯವರು ಅಂಟಿಸಿದ್ದು. ಮಿಕ್ಕ ಹತ್ತರ ಮೂಲೆ ಉಜ್ಜಿದ್ದು. ನಾನು ಕೊನೆಗೆ ಕೊಟ್ಟದ್ದು ಗೋಡೆಯ ಜೊತೆಗೇ ಬಿದ್ದಿತ್ತು. ಡಬ್ಬಿಯಲ್ಲಿದ್ದ ಹನ್ನೊಂದರ ಮೇಲೂ ಒಂದೇ ತಾರೀಖು, ಒಂದೇ ಸಹಿ. ಜೊತೆಗೊಂದು ಹಾಳೆ. ಅದರ ತುಂಬ ಅದೇ ಸಹಿ, ಕೈ ಕೂರುವ ತನಕ ಬರೆದು ಬರೆದು ನೋಡಿದ್ದರು. ಫ್ಲೆಕ್ಸ್ ಬಂದ ಮೇಲೆ ಭಾವ ಅಷ್ಟು ಮನಸ್ಸಿಟ್ಟು ಬರೆದದ್ದು ಅದೊಂದೇ ಇರಬೇಕು.

ಆ ಕೋಣೆಯಲ್ಲಿ ನಾನೆಷ್ಟು ಸಲ ಕೂತಿಲ್ಲ! ಗೋಡೆಯ ಮೇಲಿನ ಗಾಜು ಕಣ್ಣೆದುರೇ ಇತ್ತು. ನಾನೂ ಸಹಿ ನೋಡಿದೆ, ಮೂಲೆ ನೋಡಲಿಲ್ಲ. ನನ್ನ ಕೈಕೆಲಸ ನನಗೇ ಗುರುತು ಸಿಗಲಿಲ್ಲ ಅಂದ ಮೇಲೆ ಆ ಬಿರುಕಪ್ಪನಿಗೆ ಹೇಗೆ ಸಿಗಬೇಕು?

"ನಿಂಗೆ ಗೊತ್ತಿತ್ತಾ ಅಕ್ಕಾ?"

"ಗಾಜು ಒಡೆದ ಸದ್ದು ನಂಗೆ ಕೇಳದೇ ಇರುತ್ತೇನೋ? ಲೋಟ ಬಿತ್ತು ಕಣೇ ಅನ್ನೋರು. ಆಯ್ತು, ಲೋಟ ಅಂದ್ಕೊಂಡೆ. ನಮ್ಮನೇಲಿ ಅಷ್ಟು ಗಾಜಿನ ಲೋಟ ಯಾವತ್ತೂ ಇರ್ಲಿಲ್ಲ." ಆಮೇಲೆ ಅಂದಳು, "ನಂಗೂ ಆ ಮನೆ ಬಿಡೋ ಮನಸ್ಸಿರ್ಲಿಲ್ಲ ಕಣೋ."

ವಿಚಾರಣೆಗೆ ನನ್ನನ್ನೂ ಕರೆದರು. ತಪ್ಪು ಅಳತೆಯವನದಾದರೆ ಅಕ್ಕನಿಗೆ ಪರಿಹಾರ, ಮನೆಯವರದಾದರೆ ಬರಿಗೈ. ಡಬ್ಬಿ ನನ್ನ ಅಂಗಡಿಯ ಅಟ್ಟದ ಮೇಲಿತ್ತು. ಅಳತೆಯವನು ಬೆಂಚಿನ ತುದಿಯಲ್ಲಿ ಕೂತು ನನ್ನ ಬಾಯನ್ನೇ ನೋಡುತ್ತಿದ್ದ. ಗಾಜಿನ ವಿಷಯ ಏನಾದರೂ ಗೊತ್ತೇ ಎಂದು ಸಾಹೇಬರು ಕೇಳಿದರು.

"ಇಲ್ಲ ಸಾರ್" ಅಂದೆ.

ಈಗ ರೈಲು ಓಡುತ್ತಿದೆ. ಕಂಬದ ಮೇಲೆ ೮೩ ಎಂದು ಅಚ್ಚು ಹೊಡೆದಿದ್ದಾರೆ. ಭಾವ ಇದ್ದಿದ್ದರೆ ಮೂರರ ಹೊಟ್ಟೆ ಸರಿಯಿಲ್ಲ ಎಂದು ಜಗಳ ತೆಗೆಯುತ್ತಿದ್ದರು. ಅಕ್ಕ ನನ್ನ ಮನೆಯಲ್ಲಿದ್ದಾಳೆ. ಇಷ್ಟು ವರ್ಷವಾದರೂ ನಮ್ಮ ಬಾಗಿಲಿನ ಚೌಕಟ್ಟಿಗೆ ಹಣೆ ತಾಗಿಸಿಕೊಳ್ಳುತ್ತಾಳೆ. ಹೋದ ವರ್ಷ ಹಾಗೆ ಹಣೆ ಒತ್ತಿಕೊಳ್ಳುತ್ತಾ, "ಆ ಬಿರುಕಪ್ಪನ ಹತ್ರ ಹೋಗಿ ಹೇಳ್ಬಾರದೇನೋ" ಅಂದಳು. ಬಯ್ದಿದ್ದರೆ ನಾನೂ ಬಯ್ಯುತ್ತಿದ್ದೆ. ಬಯ್ಯಲಿಲ್ಲ.

ವಿಚಾರಣೆಯ ಕಾಗದದಲ್ಲಿದ್ದ ಅವನ ವಿಳಾಸ ಹಿಡಿದು, ಡಬ್ಬಿ ಕಂಕುಳಲ್ಲಿಟ್ಟುಕೊಂಡು ಹೋದೆ. ಬಾಗಿಲು ತೆರೆದವಳು ಬೇರೆ ಯಾರೋ ಹೆಂಗಸು.

"ಅವರು ಬಿಟ್ಟು ಎರಡು ವರ್ಷ ಆಯ್ತಲ್ಲ. ಕೆಲಸ ಸಿಕ್ತಿರ್ಲಿಲ್ಲ ಅಂತ ಎಲ್ಲೋ ಹೋದ್ರು. ನೀವೇನಾಗ್ಬೇಕು ಅವರಿಗೆ?"

"ಏನೂ ಆಗ್ಬೇಕಿಲ್ಲ. ಒಂದು ಬಾಕಿ ಇತ್ತು."

"ಅವರು ಕೊಡ್ಬೇಕಿತ್ತಾ?"

"ನಾನು ಕೊಡ್ಬೇಕಿತ್ತಮ್ಮಾ" ಅಂದು ಮೆಟ್ಟಿಲಿಳಿದೆ. ಡಬ್ಬಿ ಮತ್ತೆ ಅಟ್ಟ ಸೇರಿತು.