ಅಪ್ಪನ ಇಂಗ್ಲಿಷ್

ಒಲೆಯ ಮೇಲಿನ ಗಂಜಿಯ ವಾಸನೆ ನನ್ನನ್ನು ಇಳಕಲ್ಲಿನ ನಮ್ಮ ಮಗ್ಗದ ಮನೆಗೆ ಎಳೆದೊಯ್ಯಿತು.

ನೇಕಾರನಾಗಿದ್ದ ಅಪ್ಪನ ಬಾಯಲ್ಲಿ ಸದಾ ಒಂದೇ ಇಂಗ್ಲಿಷ್ ಪದ: ಫೇಲ್. ಬಣ್ಣ ಬಿಟ್ಟ ನೂಲು ಫೇಲ್, ಕೈಕೊಟ್ಟ ಮಳೆ ಫೇಲ್, ಅವ್ವನ ಚಹಾ ದಿನಾ ಫೇಲ್. ಅವ್ವ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು, “ಎರಡೂ ಕಿಡ್ನಿ ಫೇಲ್ ಆಗ್ಯಾವ್ರಿ” ಎಂದರು. ಅಪ್ಪ ಅವ್ವನತ್ತ ತಿರುಗಿ, “ನನ್ನ ಮಾತು ಇವ್ರಿಗೂ ಬರತೈತಿ ನೋಡು” ಎಂದ. ಅವ್ವ ನಗಲಿಲ್ಲ.

ಆಮೇಲೆ ಅಪ್ಪ ಆ ಪದವನ್ನು ಆಡಲೇ ಇಲ್ಲ. ಅವ್ವ ಉಪ್ಪಿಲ್ಲದ ಗಂಜಿ ಕುಡಿಸಿ “ಹೆಂಗೈತ್ರಿ?” ಎಂದರೆ, ಕಷ್ಟಪಟ್ಟು ನುಂಗಿ “ಪಾಸ್” ಎನ್ನುತ್ತಿದ್ದ. ಕೊನೆಯ ಗುಟುಕಿಗೂ ಹಾಗೇ ಎಂದ.

ನನಗೂ ಈಗ ಅಪ್ಪನದೇ ಕಾಯಿಲೆ. ಮಗಳು ಗಂಜಿ ತಂದು ಕುಡಿಸಿ, ನನ್ನ ಮುಖವನ್ನೇ ನೋಡುತ್ತ, “ಹೆಂಗೈತಿ ಯವ್ವಾ?” ಎಂದಳು.

“ಪಾಸ್” ಎಂದೆ.